ಮೊದಲು ಅವರ ಪ್ರಶ್ನೆಗೆ ಉತ್ತರ ಕೊಡಿ: ಹಾಡಿ, ಪೋಡುಗಳಿಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿಗಳೇ, ಸಂಶೋಧಕರೇ, ವೈದ್ಯ ಗೆಳೆಯರೇ,

ಮಳೆ ನಿಂತು ಕಾಡುದಾರಿ ಒಣಗುತ್ತಿದ್ದಂತೆ ಬಿಳಿಗಿರಿರಂಗನಬೆಟ್ಟದ ಸೋಲಿಗರ ಪೋಡುಗಳಿಗೆ, ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಜೇನುಕುರುಬರ ಹಾಡಿಗಳಿಗೆ, ಅಂದರೆ ಆದಿವಾಸಿ ಊರುಗಳಿಗೆ, ಹೊರಗಿನವರ ಓಡಾಟ ಶುರುವಾಗುತ್ತದೆ. ಕ್ಷೇತ್ರಕಾರ್ಯಕ್ಕೆ ಬಂದ ಎಂಎಸ್‌ಡಬ್ಲ್ಯು ತಂಡಗಳು, ಪಿಎಚ್‌.ಡಿ. ಮಾಡುವವರು, ರಕ್ತ ಪರೀಕ್ಷೆಯ ಶಿಬಿರದವರು, ಸಾಕ್ಷ್ಯಚಿತ್ರದವರು, ಹಾಡು ಸಂಗ್ರಹಿಸುವವರು. ಮೈಸೂರಿನಲ್ಲಿ ಸಮಾಜಕಾರ್ಯ ಪಾಠ ಹೇಳಿ ನಿವೃತ್ತನಾದ ನನ್ನ ಬಳಿಗೆ ಹೊರಡುವ ಮುನ್ನ ನಿಮ್ಮಲ್ಲಿ ಹಲವರು ಬರುತ್ತೀರಿ. ಪ್ರಶ್ನಾವಳಿ ಸರಿ ಇದೆಯೇ, ಯಾರನ್ನು ಹಿಡಿದರೆ ಕೆಲಸ ಬೇಗ ಆಗುತ್ತದೆ, ಅರಣ್ಯ ಇಲಾಖೆಯ ಅನುಮತಿಗೆ ಎಷ್ಟು ದಿನ ಬೇಕು ಎಂದು ಕೇಳುತ್ತೀರಿ. ಇವೆಲ್ಲ ಬೇಕಾದ ವಿಚಾರಗಳೇ. ಆದರೆ ಪೋಡಿನಲ್ಲಿ ಮೊದಲ ಪ್ರಶ್ನೆ ಕೇಳುವವರು ನೀವಾಗಿರುವುದಿಲ್ಲ. ಅಲ್ಲಿಯವರು ಕೇಳುತ್ತಾರೆ: "ಯಾವೂರು? ಯಾರ ಕಡೆಯಿಂದ ಬಂದಿರೋದು?"

ಇದನ್ನು ಉಪಚಾರದ ಮಾತೆಂದುಕೊಂಡು "ಬೆಂಗಳೂರು", "ಯೂನಿವರ್ಸಿಟಿ" ಎಂದು ಎರಡು ಪದದಲ್ಲಿ ಮುಗಿಸಿ, ಬ್ಯಾಗಿನಿಂದ ಫಾರಂ ತೆಗೆಯುವ ಬಹಳ ಮಂದಿಯನ್ನು ನೋಡಿದ್ದೇನೆ. ನಿಮಗಿಂತ ಮೊದಲು ಅದೇ ದಾರಿಯಲ್ಲಿ ಬಂದವರೆಲ್ಲರ ನೆನಪು ಆ ಪ್ರಶ್ನೆಯ ಹಿಂದಿದೆ. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣದ ಬೆಟ್ಟದ ಜನರ ತಲೆ, ಮೂಗುಗಳನ್ನು ಅಳತೆ ಸಲಕರಣೆ ಹಿಡಿದು ಅಳೆದ. 1909ರಲ್ಲಿ ದಕ್ಷಿಣದ ಜಾತಿ, ಬುಡಕಟ್ಟುಗಳ ಬಗೆಗಿನ ಅವನ ಏಳು ಸಂಪುಟಗಳು ಅಚ್ಚಾದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನಬೆಟ್ಟ ಅಭಯಾರಣ್ಯವಾಯಿತು. ಕಾಡಿನ ಒಳಗಿದ್ದ ಪೋಡುಗಳನ್ನು ಎಬ್ಬಿಸಿ ತಂದು ರಸ್ತೆಯ ಹತ್ತಿರದ ಕಾಲೊನಿಗಳಲ್ಲಿ ಕೂರಿಸಲಾಯಿತು. ಜಾಗ ಬದಲಿಸುತ್ತ ರಾಗಿ, ಜೋಳ ಬೆಳೆಯುತ್ತಿದ್ದ ಬೇಸಾಯ ನಿಂತಿತು. ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬ ಕುಟುಂಬಗಳಲ್ಲಿ ಬಹಳಷ್ಟು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗೆ ನಿಂತವು. ಇಷ್ಟೆಲ್ಲ ಮಾಡಿಸಿದವರು ಕೈಯಲ್ಲಿ ಕಾಗದ ಹಿಡಿದೇ ಬಂದಿದ್ದರು. ನಿಮ್ಮ ಕೈಯಲ್ಲೂ ಕಾಗದವಿದೆ. ಇವರು ಯಾವ ಸಾಲಿಗೆ ಸೇರಿದವರು ಎಂದು ಪೋಡಿನವರು ನೋಡುತ್ತಿರುತ್ತಾರೆ. ನೋಡುವ ಹಕ್ಕು ಅವರಿಗಿದೆ.

ಹಾಗಾಗಿ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ. ಯಾರ ಮನೆಯವರು, ಯಾವ ಜಾತಿ, ಯಾರ ದುಡ್ಡಿನಲ್ಲಿ ಬಂದಿರಿ, ಯಾರು ಕಳಿಸಿದರು, ಇಲ್ಲಿಂದ ಏನು ಒಯ್ಯುತ್ತೀರಿ, ಒಯ್ದದ್ದು ಎಲ್ಲಿ ಇರುತ್ತದೆ, ಅದರಿಂದ ನಿಮಗೇನು ಸಿಗುತ್ತದೆ. ಅವರಿಗೆ ಹೇಳುವ ಮುನ್ನ ಇದನ್ನು ನಿಮಗೆ ನೀವೇ ಹೇಳಿಕೊಂಡಿರಬೇಕು.

ನನ್ನ ಉತ್ತರ ಹೇಳುತ್ತೇನೆ. ನನ್ನ ತಾತನಿಗೆ ಯಳಂದೂರಿನಲ್ಲಿ ದಿನಸಿ ಅಂಗಡಿ ಇತ್ತು. ಬೆಟ್ಟದಿಂದ ಇಳಿದು ಬರುತ್ತಿದ್ದ ಸೋಲಿಗರ ಜೇನು, ಸೀಗೆ, ನೆಲ್ಲಿ, ಪಾಚಿಯನ್ನು ತೂಕಕ್ಕೆ ಹಾಕಿಕೊಂಡು ಬದಲಿಗೆ ಉಪ್ಪು, ಎಣ್ಣೆ, ಹೊಗೆಸೊಪ್ಪು ಕೊಡುತ್ತಿದ್ದರು. ತಕ್ಕಡಿ ತಾತನದು, ದರ ತಾತನದು, ಬಾಕಿ ಬರೆಯುವ ಪುಸ್ತಕವೂ ತಾತನದೇ. ನಮ್ಮಪ್ಪ ಓದಿದ್ದು, ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಆ ಅಂಗಡಿಯ ದುಡ್ಡಿನಿಂದ. ಪೋಡಿನ ಹಿರಿಯರಲ್ಲಿ ಕೆಲವರಿಗೆ ಅಂಗಡಿಯ ಗುರುತು ಹೇಳಿದರೆ ಸಾಕು, ನನ್ನ ಮನೆತನವೆಲ್ಲ ಗೊತ್ತಾಗುತ್ತದೆ.

ಇದನ್ನು ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಗುರವಾಗಬೇಕಾದ ಅಗತ್ಯವೂ ಇಲ್ಲ. ಇದರಿಂದ ಕೆಲಸ ಬದಲಾಗಬೇಕು, ಅಷ್ಟೇ. ಕಾಡಿನ ಉತ್ಪನ್ನದಿಂದ ಮನೆಗೆ ಎಷ್ಟು ವರಮಾನ, ಯಾರಿಗೆ ಮಾರುತ್ತೀರಿ, ಸಾಲ ಎಷ್ಟಿದೆ ಎಂದು ಒಬ್ಬ ವ್ಯಾಪಾರಿಯ ಮೊಮ್ಮಗ ಕೇಳಿದರೆ ಬರುವ ಉತ್ತರ ಒಂದು ತರಹ. ಪೋಡಿನದೇ ಹೆಣ್ಣುಮಗಳು ಕೇಳಿದರೆ ಬರುವ ಉತ್ತರ ಬೇರೆ ತರಹ. ಸಾಲದ ವಿಷಯ ಕೇಳುವ ಜಾಗದಲ್ಲಿ ನಾನು ಕೂರಬಾರದು. ಕಾಡಿನ ಉತ್ಪನ್ನ ಕೊಳ್ಳುವ ಲ್ಯಾಂಪ್ಸ್ ಸಹಕಾರ ಸಂಘದ ಲೆಕ್ಕಪುಸ್ತಕ ನೋಡಿ ದರದ ಮಾತಾಡಬಹುದು, ಮನೆಮನೆಯ ಬಾಕಿಯನ್ನು ಪೋಡಿನವರೇ ಕೇಳಿ ಬರೆಯಬಹುದು, ಅಥವಾ ಆ ಪ್ರಶ್ನೆಯನ್ನೇ ಬಿಡಬಹುದು. ತಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂದು ತಿಳಿದುಕೊಳ್ಳುವುದಕ್ಕೆ ನನ್ನ ಮಟ್ಟಿಗೆ ಇರುವ ಅರ್ಥ ಇದು. ಈಚಿನ ಪ್ರಬಂಧಗಳಲ್ಲಿ ಪೀಠಿಕೆಯ ಎರಡು ಪುಟ ಇದಕ್ಕೇ ಮೀಸಲಾಗಿರುತ್ತದೆ: ನಾನು ನಗರದವಳು, ಮೇಲ್ಜಾತಿಯವಳು, ಇಂಗ್ಲಿಷ್ ಓದಿದವಳು. ಮೂರನೆಯ ಪುಟದಿಂದ ಎಲ್ಲ ಎಂದಿನಂತೆಯೇ. ಆ ಎರಡು ಪುಟಗಳಿಂದ ಮುಂದಿನ ಇನ್ನೂರು ಪುಟಗಳಲ್ಲಿ ಏನೂ ಕದಲದಿದ್ದರೆ ಅವನ್ನು ಬರೆಯುವ ಅಗತ್ಯವಿರಲಿಲ್ಲ.

ನಿಮ್ಮಲ್ಲಿ ಒಬ್ಬೊಬ್ಬರ ಉತ್ತರ ಒಂದೊಂದು ಬಗೆ. ಮಧ್ಯಾಹ್ನ ಪೋಡಿನ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಮುಂದೆ ಇಟ್ಟಾಗ "ಈಗಷ್ಟೇ ತಿಂದು ಬಂದೆ" ಎನ್ನುವವರ ಜಾತಿ ಆ ಮನೆಯವರಿಗೆ ಮರುಕ್ಷಣ ತಿಳಿಯುತ್ತದೆ. ದಲಿತ ಕುಟುಂಬದಿಂದ ಬಂದ ವಿದ್ಯಾರ್ಥಿ ಅದೇ ಜಗಲಿಯ ಮೇಲೆ ಕೂತಾಗ ನಡೆಯುವ ಮಾತೇ ಬೇರೆ. ಅವನಿಗೂ ತನ್ನದೇ ಲೆಕ್ಕ ಇರುತ್ತದೆ, ಬಯಲಿನ ಊರುಗಳಿಗೂ ಬೆಟ್ಟಕ್ಕೂ ನಡುವೆ ಇರುವ ಹಳೆಯ ಅಂತರಗಳೂ ಇರುತ್ತವೆ. ಹುಲಿ, ಆನೆಗಳ ಮೇಲಿನ ಪ್ರೀತಿಯಿಂದ ಕಾಡಿಗೆ ಬರುವ ಬೆಂಗಳೂರಿನ ಯುವಕರ ಸಂಗತಿ ಇನ್ನೊಂದು. ಆ ಪ್ರೀತಿ ನಿಜವಾದದ್ದೇ. ಆದರೆ ರೆಸಾರ್ಟಿನ ಜೀಪು ಓಡಾಡುವ ಕಾಡಿನಿಂದಲೇ ಜೇನುಕುರುಬರ ಹಾಡಿಗಳು ಹೊರಬಿದ್ದಿವೆ. ನಾಗರಹೊಳೆಯ ಒಳಗೆ ತಲೆಯೆತ್ತುತ್ತಿದ್ದ ದೊಡ್ಡ ಹೋಟೆಲೊಂದರ ವಿರುದ್ಧ ಆದಿವಾಸಿಗಳು 1996ರಲ್ಲಿ ಬೀದಿಗಿಳಿದು, ಮರುವರ್ಷ ಹೈಕೋರ್ಟಿನಲ್ಲಿ ಗೆದ್ದ ಕತೆ ಅಲ್ಲಿನ ಮಕ್ಕಳಿಗೂ ಗೊತ್ತು. ನಿಮಗೆ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಹೋಗಿ.

ನಮ್ಮೆಲ್ಲರಿಗೂ ಸೇರಿದ ಒಂದು ಸಂಗತಿಯಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ನಾವು ಕನ್ನಡದವರು. ದೆಹಲಿಯ ಮುಂದೆ, ಇಂಗ್ಲಿಷಿನ ಮುಂದೆ ನಮ್ಮ ಭಾಷೆಗೆ ಅನ್ಯಾಯವಾಗಿದೆ ಎಂದು ನಮಗನ್ನಿಸುತ್ತದೆ, ಅದರಲ್ಲಿ ನಿಜವೂ ಇದೆ. ಆದರೆ ಸೋಲಿಗನುಡಿ ಆಡುವ ಮಗು ಶಾಲೆಗೆ ಬಂದ ದಿನ ಅದರ ಎದುರಿಗೆ ನಿಲ್ಲುವುದು ಕನ್ನಡವೇ. ಸೋಲಿಗನುಡಿಗೂ ಕನ್ನಡಕ್ಕೂ ನಂಟು ಹತ್ತಿರದ್ದು. ಹತ್ತಿರವಾದ್ದರಿಂದಲೇ ಮಗುವಿನ ಮಾತು ಮೇಷ್ಟ್ರ ಕಿವಿಗೆ ತಪ್ಪು ಕನ್ನಡವಾಗಿ ಕೇಳುತ್ತದೆ, ಬೇರೆ ಭಾಷೆಯಾಗಿ ಕೇಳುವುದಿಲ್ಲ. ತರಗತಿಯಲ್ಲಿ ನಾಲ್ಕು ಸಲ ತಿದ್ದಿಸಿಕೊಂಡ ಮಗು ಐದನೆಯ ಸಲ ಬಾಯಿ ತೆರೆಯುವುದಿಲ್ಲ. ಆಸ್ಟ್ರೇಲಿಯದಲ್ಲಿ ಓದಿದ ಭಾಷಾವಿಜ್ಞಾನಿ ಆಂಗ್ ಸಿ ಇದೇ ನುಡಿಯಲ್ಲಿ ಹಕ್ಕಿ, ಜೇನು, ಮರಗಳ ಬಗ್ಗೆ ಇರುವ ತಿಳಿವನ್ನು ದಾಖಲಿಸಿ ಇಡೀ ಪುಸ್ತಕ ಬರೆದಿದ್ದಾರೆ. ಹತ್ತಿರದ ಪಟ್ಟಣದಲ್ಲಿರುವ ನಮಗೆ ಆ ನುಡಿಗೊಂದು ವ್ಯಾಕರಣವಿದೆ ಎನ್ನುವುದೇ ಸುದ್ದಿ. ನೀವು ಸಂದರ್ಶನವನ್ನು ಬರಹಕ್ಕಿಳಿಸುವಾಗ ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಆಕೆ ಹೇಳಿದಂತೆಯೇ ಬರೆದು, ಅರ್ಥವನ್ನು ಕೆಳಗೆ ಕೊಡಿ.

ಇನ್ನು ಒಪ್ಪಿಗೆಯ ಮಾತು. ಕಾಲೇಜಿನ ನೈತಿಕ ಸಮಿತಿಗೆ ಒಪ್ಪಿಗೆ ಪತ್ರ ಬೇಕು. ನೀವು ಫಾರಂ ಮುದ್ರಿಸಿ ಒಯ್ಯುತ್ತೀರಿ. ಬೆಳಿಗ್ಗೆ ಏಳೂವರೆ. ತೋಟದ ಕೂಲಿಗೆ ಹೋಗುವ ಜೀಪು ಎಂಟಕ್ಕೆ ಬರುತ್ತದೆ. ಪೋಡಿನ ಹೆಣ್ಣುಮಗಳೊಬ್ಬಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ನೀವು ಎರಡು ಪುಟ ಓದುತ್ತೀರಿ: ಸ್ವಯಂಪ್ರೇರಿತ ಭಾಗವಹಿಸುವಿಕೆ, ಗೌಪ್ಯತೆ, ದತ್ತಾಂಶ. ಆಕೆ ಒಂದು ಪದವನ್ನೂ ಕೇಳಿಸಿಕೊಳ್ಳದೆ ಹೆಬ್ಬೆರಳು ಚಾಚುತ್ತಾಳೆ. ಇಂಕ್ ಪ್ಯಾಡು ಮುಂದೆ ಬಂದಾಗ ಹೆಬ್ಬೆರಳು ಚಾಚಬೇಕು ಎಂಬುದು ಆಕೆಗೆ ಅಭ್ಯಾಸವಾಗಿದೆ. ಸೊಸೈಟಿಯ ಸಾಲಕ್ಕೆ ಒತ್ತಿದ್ದಾಳೆ, ರೇಷನ್ನಿಗೆ ಒತ್ತಿದ್ದಾಳೆ, ಅರಣ್ಯ ಹಕ್ಕಿನ ಅರ್ಜಿಗೂ ಒತ್ತಿದ್ದಾಳೆ. ಅವಳ ಅತ್ತೆ ಮಾವಂದಿರು ಕಾಡು ಬಿಟ್ಟು ಬಂದಾಗಲೂ ಎಲ್ಲೋ ಒತ್ತಿರಬೇಕು. ಇಲಾಖೆಯ ಅನುಮತಿ ಪಡೆದು, ಇಲಾಖೆಯ ವಾಚರ್ ಜೊತೆಗೆ ಬಂದು ನಿಂತವರಿಗೆ "ಬೇಡ" ಎನ್ನುವುದು ಆಕೆಗೆ ಸುಲಭವಲ್ಲ. ಹಾಗೆ ಒತ್ತಿಸಿಕೊಂಡ ಹೆಬ್ಬೆಟ್ಟು ನಿಮ್ಮ ಸಮಿತಿಗೆ ಸಾಕು. ನನಗೆ ಸಾಲದು, ನಿಮಗೂ ಸಾಲಬಾರದು. ವಾಚರ್ ಇಲ್ಲದೆ, ಕೂಲಿ ಇಲ್ಲದ ದಿನ, ಸಂಜೆ ಹೊತ್ತು ಹೋಗಿ. ಇವತ್ತು ಹೇಳಿ ಬನ್ನಿ, ಒಂದು ವಾರ ಬಿಟ್ಟು ಕೇಳಿ. ಮಧ್ಯೆ ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಿ.

ವೈದ್ಯ ಗೆಳೆಯರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷ ಪತ್ತೆಯಾಗಿದ್ದೇ ಭಾರತದಲ್ಲಿ ಆ ಕಾಯಿಲೆಯ ಮೊದಲ ದಾಖಲೆಗಳಲ್ಲೊಂದು. 2023ರ ಜುಲೈಯಿಂದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಡಿ ಆದಿವಾಸಿ ಪ್ರದೇಶಗಳಲ್ಲಿ ರಕ್ತ ಪರೀಕ್ಷೆ ನಡೆಯುತ್ತಿದೆ, ಫಲಿತಾಂಶದ ಕಾರ್ಡು ಕೊಡುತ್ತಾರೆ. ಪರೀಕ್ಷೆ ಬೇಕು, ನೋವಿನಲ್ಲಿ ನರಳುವ ಮಕ್ಕಳಿಗೆ ಔಷಧಿ ಸಿಗಬೇಕು. ಆದರೆ ಆ ಕಾರ್ಡು ನಾಳೆ ಹುಡುಗಿಯ ಮದುವೆಯ ಮಾತುಕತೆಯಲ್ಲಿ ಎದ್ದು ಬರುತ್ತದೆ. ಅದನ್ನು ವಿವರಿಸಿ ಹೇಳುವವರು ಯಾರು, ಎಷ್ಟು ಹೊತ್ತು ಕೂತು ಹೇಳುತ್ತಾರೆ ಎಂಬುದು ಸೂಜಿಯಷ್ಟೇ ಮುಖ್ಯ. ಉಳಿದ ರಕ್ತ ಎಲ್ಲಿ ಹೋಗುತ್ತದೆ ಎಂಬುದೂ ಹಾಗೆಯೇ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಹವಾಸುಪೈ ಜನ ತಮ್ಮಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗುತ್ತಿದೆ ಎಂದು 1990ರ ಹೊತ್ತಿನಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರಿಗೆ ರಕ್ತ ಕೊಟ್ಟರು. ಅದೇ ರಕ್ತದ ಮೇಲೆ ಮನೋರೋಗದ ಅಧ್ಯಯನ ನಡೆಯಿತು. ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎಂಬ ಅಧ್ಯಯನವೂ ನಡೆಯಿತು. ತಾವು ಆ ಕಣಿವೆಯಲ್ಲೇ ಹುಟ್ಟಿದವರು ಎಂದು ನಂಬಿ ಬದುಕಿದ ಜನ ಅವರು. ಕೇಸು ನಡೆದು 2010ರಲ್ಲಿ ವಿಶ್ವವಿದ್ಯಾಲಯ 41 ಮಂದಿಗೆ ಒಟ್ಟು ಏಳು ಲಕ್ಷ ಡಾಲರ್ ಕೊಟ್ಟು, ಉಳಿದಿದ್ದ ರಕ್ತದ ಮಾದರಿಗಳನ್ನು ಹಿಂದಿರುಗಿಸಿತು.

ನಮ್ಮ ಸಹ್ಯಾದ್ರಿಯ ತೆಂಕಣ ತುದಿಯಲ್ಲಿ ನಡೆದದ್ದು ಇದಕ್ಕಿಂತ ಸ್ವಲ್ಪ ಮೇಲು, ಆದರೂ ಅದರಲ್ಲಿ ಕಲಿಯುವುದಿದೆ. 1987ರಲ್ಲಿ ಅಗಸ್ತ್ಯಮಲೆಯ ಕಾಡು ಹತ್ತುತ್ತಿದ್ದ ವಿಜ್ಞಾನಿಗಳು ಸುಸ್ತಾಗಿದ್ದರು. ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಯಾವುದೋ ಕಾಯಿ ತಿನ್ನುತ್ತ ದಣಿವಿಲ್ಲದೆ ನಡೆಯುತ್ತಿದ್ದರು. ಅದೇನೆಂದು ಹೇಳಲು ಅವರು ಮೊದಲು ಹಿಂಜರಿದರು; ಹೊರಗಿನವರಿಗೆ ಹೇಳುವ ವಿಷಯ ಅದಾಗಿರಲಿಲ್ಲ. ಕೊನೆಗೆ ಹೇಳಿದರು. ಆರೋಗ್ಯಪಚ್ಚ ಎಂಬ ಆ ಗಿಡದಿಂದ ತಿರುವನಂತಪುರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ 'ಜೀವನಿ' ಎಂಬ ಔಷಧಿ ಮಾಡಿ 1995ರಲ್ಲಿ ಕಂಪನಿಯೊಂದಕ್ಕೆ ಪರವಾನಗಿ ಕೊಟ್ಟಿತು. ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಎಂದು ನಿರ್ಧರಿಸಿತು, ಅದಕ್ಕಾಗಿ 1997ರಲ್ಲಿ ಕಾಣಿಗಳ ಟ್ರಸ್ಟ್ ರಚನೆಯಾಯಿತು. ಜಗತ್ತೆಲ್ಲ ಇದನ್ನು ಮಾದರಿ ಎಂದು ಕೊಂಡಾಡಿತು. ಆದರೆ ಹೇಳಿದವರು ಎರಡು ಮೂರು ಮಂದಿ, ಕಾಣಿಗಳು ಹಲವು ಪಂಚಾಯತಿಗಳಲ್ಲಿ ಹರಡಿಕೊಂಡಿದ್ದವರು. ಈ ಗುಟ್ಟು ಕೊಡಲು ಇವರಿಗೆ ಯಾರು ಅಧಿಕಾರ ಕೊಟ್ಟರು ಎಂದು ಉಳಿದವರಲ್ಲಿ ಕೆಲವರು ಕೇಳಿದರು. ಎಲೆ ಕೀಳಲು ಅರಣ್ಯ ಇಲಾಖೆಯೂ ಅಡ್ಡಿ ಹೇಳಿತು. ಹಣ ಹಂಚುವುದು ಒಳ್ಳೆಯದೇ. ಕೇಳುವ ಹೊತ್ತಿಗೇ ಎಲ್ಲರನ್ನೂ ಕೂರಿಸಿ ಕೇಳುವುದು ಅದಕ್ಕಿಂತ ಮೊದಲಿನ ಕೆಲಸ.

ಈಗ ಹಾಗೆ ಕೇಳುವುದಕ್ಕೆ ಕಾನೂನಿನ ಬಲವೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಓದಿ. ಜೀವವೈವಿಧ್ಯಕ್ಕೆ, ಸಂಸ್ಕೃತಿಗೆ ಸೇರಿದ ಪಾರಂಪರಿಕ ತಿಳಿವಿನ ಮೇಲೆ ಸಮುದಾಯಕ್ಕೆ ಬೌದ್ಧಿಕ ಹಕ್ಕು ಇದೆ ಎಂದು ಅದು ಹೇಳುತ್ತದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಇಲ್ಲ. ಹಾಗಾಗಿ ಪೋಡು, ಹಾಡಿಗಳ ಮಾತಿಗೆ ತೂಕ ಬರುವುದು ಬಹುಮಟ್ಟಿಗೆ ಈ ಕಾಯ್ದೆಯ ಗ್ರಾಮಸಭೆಯಿಂದಲೇ. ಇಲಾಖೆಯ ಪರವಾನಗಿ ನಿಮಗೆ ಕಾಡಿನ ಗೇಟು ತೆರೆಯುತ್ತದೆ. ಅಜ್ಜನ ತಲೆಯಲ್ಲಿರುವ ಬೇರುಗಳ ಲೆಕ್ಕವನ್ನು ಬರೆದುಕೊಳ್ಳಲು ಅದು ಪರವಾನಗಿಯಲ್ಲ.

ಹೊರಗಿನವರ ಕಣ್ಣು ಎಷ್ಟು ನಷ್ಟ ಮಾಡಬಲ್ಲದು ಎಂಬುದಕ್ಕೆ ಬಿಳಿಗಿರಿರಂಗನಬೆಟ್ಟದ ಬೆಂಕಿಯ ಕತೆ ಸಾಕು. ಸೋಲಿಗರು ಬೇಸಗೆಯ ಆರಂಭದಲ್ಲೇ ಒಣಗಿದೆಲೆಗೆ 'ತರಗು ಬೆಂಕಿ' ಹಾಕುತ್ತಿದ್ದರು. ನೆಲದಲ್ಲಿ ಇನ್ನೂ ತೇವ ಇರುವ ಹೊತ್ತು. ಬೆಂಕಿ ಮೊಣಕಾಲೆತ್ತರ ಮೀರದೆ ತರಗನ್ನಷ್ಟೇ ಸುಟ್ಟು ಹೋಗುತ್ತಿತ್ತು. ಕಾಡಿಗೆ ಬೆಂಕಿ ಇಡುವವರು ಇವರು ಎಂದು ಹೊರಗಿನವರು ತೀರ್ಮಾನಿಸಿದರು, ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತಿತು. ಲಂಟಾನ ಕಳೆ ನುಗ್ಗಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆ ಹೆಚ್ಚಿತು, ದೊಡ್ಡ ಬೆಂಕಿ ಬಿದ್ದರೆ ಮರದ ತುದಿಗೆ ಹತ್ತತೊಡಗಿತು ಎಂದು ಸೋಲಿಗರು ಹೇಳುತ್ತಲೇ ಬಂದರು. 1997 ಮತ್ತು 2008ರಲ್ಲಿ ಸಂಶೋಧಕರು ಅಳೆದು ನೋಡಿದಾಗ ಲಂಟಾನ ಕಾಣಿಸಿದ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಕಾಡು ಹೀಗಾಗುವುದಕ್ಕೆ ಬೆಂಕಿ ನಿಲ್ಲಿಸಿದ್ದೊಂದೇ ಕಾರಣವೇ ಎಂಬ ಚರ್ಚೆ ಇರಬಹುದು. ಆದರೆ ಆ ಮಾತು ಪೋಡಿನ ಜಗಲಿಯಲ್ಲಿ ಇದ್ದಷ್ಟು ಕಾಲ ಮೂಢನಂಬಿಕೆಯಾಗಿತ್ತು, ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಜ್ಞಾನವಾಯಿತು. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ನಿಮ್ಮ ಲೇಖನದಲ್ಲಿ ಹಾಗೆ ಹೇಳಿಕೊಟ್ಟವರನ್ನು "ಒಬ್ಬ ಮಾಹಿತಿದಾರ" ಎಂದು ಬರೆದು ಮುಗಿಸಬೇಡಿ. ಹೆಸರು ಬೇಕೋ ಬೇಡವೋ ಅವರನ್ನೇ ಕೇಳಿ. ಬೇಕೆಂದರೆ ಲೇಖಕರ ಸಾಲಿನಲ್ಲಿ ಹಾಕಿ.

ಒಳ್ಳೆಯದು ನಡೆದದ್ದೂ ಅದೇ ಬೆಟ್ಟದಲ್ಲಿ. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರರ ನೆಲೆ, ಕಲ್ಲುಗುಡಿ, ನೀರಿನ ತಾಣಗಳಿವೆ. ಸೋಲಿಗ ಹಿರಿಯರು ಮುಂದೆ ನಡೆದು ತೋರಿಸಿದರು, ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಜಿಪಿಎಸ್ ಹಿಡಿದು ಜೊತೆಗೆ ನಡೆದರು, ನೂರಾರು ತಾಣಗಳ ನಕ್ಷೆ ಆಯಿತು. ನಾವು ಇಲ್ಲಿಯವರು, ನಮ್ಮ ದೇವರು ಇಲ್ಲಿದ್ದಾನೆ ಎಂದು ಹೇಳುವುದಕ್ಕೆ ಆ ನಕ್ಷೆ ಬೇಕಾಗಿದ್ದದ್ದು ಸೋಲಿಗರಿಗೇ. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಈಗ ಸೋಲಿಗರೇ ಸಂಶೋಧಕರಾಗಿದ್ದಾರೆ. ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು ತಮ್ಮ ಜನರ ಕಾಡಿನ ಬಗ್ಗೆ ತಾವೇ ಬರೆಯುತ್ತಿದ್ದಾರೆ. ಅಂಥವರು ಬರೆದದ್ದನ್ನು ಓದದೆ ಪೋಡಿಗೆ ಹೋಗುವುದು ಸರಿಯಲ್ಲ. ನೀವು ಕೇಳಬೇಕೆಂದಿರುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕರೆ ಪ್ರಯಾಣವನ್ನೇ ಕೈಬಿಡಿ.

ಇನ್ನೊಂದು ಎಚ್ಚರ. ಪೋಡಿನವರೆಲ್ಲ ಒಂದೇ ಮಾತಾಡುತ್ತಾರೆ ಎಂದುಕೊಂಡು ಹೋಗಬೇಡಿ. ಯಜಮಾನನ ಮಾತು ಒಂದು, ಅವನ ಸೊಸೆಯ ಮಾತು ಇನ್ನೊಂದು. 2025ರ ಮೇ ತಿಂಗಳಿನಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಜಾಗಕ್ಕೆ ಹಿಂದಿರುಗಿ ಗುಡಿಸಲು ಹಾಕಿಕೊಂಡವು. ಅದೇ ಹೊತ್ತಿಗೆ ಮಕ್ಕಳ ಶಾಲೆ, ಹೆರಿಗೆ ಆಸ್ಪತ್ರೆಯ ಆಸೆಗೆ ಕಾಡಿನ ಹೊರಗೆ ಬರಲು ಒಪ್ಪುವ ಮನೆಗಳೂ ಇವೆ. ಆದಿವಾಸಿಗಳು ಕಾಡಿನಲ್ಲೇ ಇರಬೇಕು ಎಂಬುದು ನಿಮ್ಮ ಆಸೆಯಾದರೆ ಆ ಮನೆಗಳ ಮಾತು ನಿಮಗೆ ಕೇಳಿಸುವುದಿಲ್ಲ. ಹೊರಗೆ ಬಂದರೇ ಏಳಿಗೆ ಎಂಬುದು ನಿಮ್ಮ ನಂಬಿಕೆಯಾದರೆ ಗುಡಿಸಲು ಹಾಕಿದವರ ಮಾತು ಕೇಳಿಸುವುದಿಲ್ಲ. ಎರಡೂ ಅವರ ತೀರ್ಮಾನಗಳು. ಅವನ್ನು ತೂಗಿ ನೋಡುವ ಕೆಲಸವನ್ನು ಯಾರೂ ನಿಮಗೆ ಒಪ್ಪಿಸಿಲ್ಲ.

ದಕ್ಷಿಣ ಆಫ್ರಿಕದ ಸಾನ್ ಜನ 2017ರಲ್ಲಿ ತಮ್ಮಲ್ಲಿಗೆ ಬರುವ ಸಂಶೋಧಕರಿಗೆ ತಾವೇ ಒಂದು ನೀತಿಸಂಹಿತೆ ಬರೆದು ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇವು ಅದರ ಬುನಾದಿ. ನಮ್ಮ ಪೋಡು, ಹಾಡಿಗಳ ಗ್ರಾಮಸಭೆಗಳೂ ಅಂಥದ್ದೊಂದನ್ನು ಬರೆಯಲಿ, ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಲಿ ಎಂದು ನಾನು ಬಯಸುತ್ತೇನೆ. ಅಲ್ಲಿಯವರೆಗೆ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಈ ಸಲ ಕ್ಷೇತ್ರಕಾರ್ಯ ಶುರುಮಾಡುವ ಮುನ್ನ ಪ್ರಶ್ನಾವಳಿಯನ್ನು ಗ್ರಾಮಸಭೆಯ ಮುಂದಿಟ್ಟು ಓದಿ. ಯಾವ ಪ್ರಶ್ನೆ ಬೇಡ ಎನ್ನುತ್ತಾರೋ ಅದನ್ನು ಹೊಡೆದುಹಾಕಿ. ಅವರಿಗೆ ಬೇಕಾದ ಪ್ರಶ್ನೆಯೊಂದಿದ್ದರೆ ಸೇರಿಸಿಕೊಳ್ಳಿ. ಕೂಲಿ ಬಿಟ್ಟು ಕೂತವರಿಗೆ ಅಂದಿನ ಕೂಲಿ ಕೊಡಿ. ಪ್ರಬಂಧ ಸಲ್ಲಿಸುವ ಮುನ್ನ ಅದರ ಸಾರವನ್ನು ಅಲ್ಲೇ ಕೂತು ಓದಿ ಹೇಳಿ, ಒಂದು ಪ್ರತಿಯನ್ನು ಅವರ ಬಳಿ ಬಿಡಿ. ಬರಲೇಬೇಡಿ ಎಂದರೆ ಹೋಗಬೇಡಿ. ಇದಕ್ಕೆಲ್ಲ ಒಂದು ಸೆಮಿಸ್ಟರ್ ಸಾಲದು ಎಂದು ಮಾರ್ಗದರ್ಶಕರು ಹೇಳಿದರೆ ಈ ಪತ್ರವನ್ನು ಅವರ ಮುಂದಿಡಿ, ಗಡುವನ್ನು ಮುಂದೂಡಿಸಿ.

ಇಂತಿ ನಿಮ್ಮವ,
ನಿವೃತ್ತ ಸಮಾಜಕಾರ್ಯ ಅಧ್ಯಾಪಕ, ಮೈಸೂರು